ಗೂಬಕ್ಕನ ಪಾಳಿ

ಗೂಬಕ್ಕ ಎಂದು ಹೆಸರಿಟ್ಟವಳು ನಾನೇ. ಬೇರೆ ಯಾರೋ ಇಟ್ಟದ್ದು ಎಂದು ದೋಣಿ ಕಟ್ಟುವ ಧಕ್ಕೆಯಲ್ಲಿ ಹೇಳಿಕೊಂಡು ತಿರುಗುವವರಿದ್ದಾರೆ, ನಂಬಬೇಡಿ. ಈಗೆರಡು ವರ್ಷದಿಂದ ರಾತ್ರಿಯೆಲ್ಲ ದೀಪ ಹಚ್ಚಿಕೊಂಡು ದೋಣಿಯ ಮೇಲೆ ಕೂತಿರುವುದು, ಬೆಳಗಾಗಿ ನಾವೆಲ್ಲ ಕೆಲಸಕ್ಕೆ ಬಂದಮೇಲೆ ಒಳಗೆ ಹೋಗಿ ಬಿದ್ದುಕೊಳ್ಳುವುದು. ಇಂಥವರನ್ನು ಗೂಬೆ ಎನ್ನದೆ ಕೋಗಿಲೆ ಎನ್ನಲಾಗುತ್ತದೆಯೇ? ಎದುರಿಗೇ ಅಂದೆ. ಅವಳು ನಕ್ಕಳು. "ಗೂಬೆನೇ ಸರಿ ಕಣೆ. ಆದ್ರೆ ಕೊನೇಲಿ ಒಂದು ಅಕ್ಕ ಸೇರಿಸು, ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?" ಎಂದಳು. ಸೇರಿಸಿದೆ.

ನಾನು ಹಾಯಿ ಹೊಲಿಯುವವಳು. ಮಂಜುಗಡ್ಡೆ ಕಾರ್ಖಾನೆಯ ಪಕ್ಕದ ಹಳೇ ಗೋದಾಮು ನನ್ನ ಅಂಗಡಿ. ಒಳಗೆ ಮೇಜು ಕುರ್ಚಿ ಯಾವುದೂ ಇಲ್ಲ, ಬರೀ ನೆಲ. ಹಾಯಿಯನ್ನು ನೆಲದ ತುಂಬ ಹರಡಿ ಮೊಣಕಾಲೂರಿ ಕೆಲಸ ಮಾಡಬೇಕು. ಹೊಲಿಗೆ ಯಂತ್ರವನ್ನು ನೆಲದಲ್ಲೇ ತೋಡಿದ ಗುಂಡಿಗೆ ಇಳಿಸಿದ್ದೇನೆ, ಬಟ್ಟೆ ನೆಲಮಟ್ಟದಲ್ಲಿ ಜಾರಿಕೊಂಡು ಸೂಜಿಗೆ ಬರಲಿ ಎಂದು. ನಾನೂ ಗುಂಡಿಗಿಳಿದೇ ಕೂರಬೇಕು. ಬಾಗಿಲಲ್ಲಿ ನಿಂತು ನೋಡಿದವರಿಗೆ ಬರೀ ತಲೆಯೊಂದು ನೆಲದ ಮೇಲೆ ಇಟ್ಟಂತೆ ಕಾಣುತ್ತದಂತೆ. ಕಾಣಲಿ, ಯಾರಪ್ಪನ ಗಂಟೇನು ಹೋಯಿತು. ದೋಣಿಯ ಮೇಲೇ ಸಂಸಾರ ಹೂಡಿ ಊರಿಂದೂರಿಗೆ ತೇಲುವ ಜನ ನನ್ನ ಗಿರಾಕಿಗಳು. ನಾನು ಮಾತ್ರ ಕಟ್ಟಿಹಾಕಿದ ದೋಣಿಗಷ್ಟೇ ಹತ್ತುವುದು. ಹಗ್ಗ ಬಿಚ್ಚಿದರೆ ಮುಗಿಯಿತು, ಹೊಟ್ಟೆ ತೊಳಸಿ ಹಿಂದಿನ ಜನ್ಮದಲ್ಲಿ ತಿಂದದ್ದೂ ಬಾಯಿಗೆ ಬರುತ್ತದೆ.

ಗೂಬಕ್ಕ ಮತ್ತು ಭಾವ ನನಗೆ ಪರಿಚಯವಾದಾಗ ಅವರು ಮನೆ ಮಾರಿ ದೋಣಿ ಕೊಂಡು ಆಗಲೇ ಬಹಳ ವರ್ಷಗಳಾಗಿದ್ದವು. ಭಾವ ಎಂದು ಕರೆಯುತ್ತಿದ್ದೆನೇ ಹೊರತು ರಕ್ತಸಂಬಂಧ ಏನಿಲ್ಲ. ಅಕ್ಕ ಅಂದಮೇಲೆ ಅವಳ ಗಂಡನನ್ನು ಇನ್ನೇನನ್ನಲಿ? ಅವನು ಲೇತ್ ಮೆಷಿನ್ನಿನಲ್ಲಿ ಕೆಲಸ ಮಾಡಿದವನು, ಅವಳು ಟೆಲಿಫೋನ್ ಕಚೇರಿಯಲ್ಲಿ. ಮಗಳ ಮದುವೆಯಾದ ಮಾರನೇ ತಿಂಗಳೇ ನೀರಿಗಿಳಿದವರು. ದೋಣಿಯೊಳಗೆ ಇದ್ದದ್ದು ಒಂದೇ ಕೋಣೆ. ಎದುರುಬದುರು ಎರಡು ಮಂಚ, ಅವುಗಳ ಅಡಿಯಲ್ಲಿ ಡಬ್ಬಗಳಿಡುವ ಗೂಡು, ಮೆಟ್ಟಿಲ ಪಕ್ಕ ಒಂದು ಒಲೆ. ಒಲೆಯನ್ನು ಎರಡೂ ಕಡೆ ತಿರುಗಣಿಗೆ ತೂಗುಹಾಕಿರುತ್ತಾರೆ, ದೋಣಿ ಎತ್ತ ವಾಲಿದರೂ ಪಾತ್ರೆ ನೆಟ್ಟಗಿರಲಿ ಎಂದು. ಐದು ಮೆಟ್ಟಿಲು ಹತ್ತಿದರೆ ಚುಕ್ಕಾಣಿ, ಆಮೇಲೆ ಆಕಾಶ. ಇಷ್ಟೇ ಅವರ ಅರಮನೆ.

ಇಬ್ಬರೇ ಇರುವ ದೋಣಿ ಸಮುದ್ರದಲ್ಲಿದ್ದಾಗ ಇಬ್ಬರೂ ಒಟ್ಟಿಗೆ ಮಲಗುವ ಹಾಗಿಲ್ಲ. ಹಡಗುಗಳು ಬರುತ್ತವೆ, ಗಾಳಿ ತಿರುಗುತ್ತದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಒಬ್ಬರು ಮೇಲಿರಲೇಬೇಕು. ಮೂರು ಗಂಟೆ ಅವನು, ಮೂರು ಗಂಟೆ ಇವಳು. ಹಾಯಿ ಬಿಚ್ಚಿದ ದೋಣಿ ಒಂದು ಕಡೆ ವಾಲಿಕೊಂಡೇ ಓಡುವುದರಿಂದ ವಾಲಿದ ಕಡೆಯ ಮಂಚದಲ್ಲಿ ಮಾತ್ರ ನೆಮ್ಮದಿಯಾಗಿ ಮಲಗಬಹುದು, ಇನ್ನೊಂದರಲ್ಲಿ ಮಲಗಿದವರು ಉರುಳಿ ಬೀಳುತ್ತಾರೆ. ಹಾಗಾಗಿ ಇಬ್ಬರಿಗೂ ಒಂದೇ ಹಾಸಿಗೆ. ಅವನು ಎದ್ದ ಬಿಸಿಯಲ್ಲಿ ಇವಳು ಮಲಗುವುದು, ಇವಳು ಎದ್ದ ಬಿಸಿಯಲ್ಲಿ ಅವನು.

"ಇದೆಂಥ ಸಂಸಾರ ಅಕ್ಕ? ಒಬ್ರು ಎದ್ರೆ ಒಬ್ರು ಮಲಗ್ತೀರಿ. ಮಾತಾಡೋದು ಯಾವಾಗ?" ಎಂದು ಒಮ್ಮೆ ಕೇಳಿದ್ದೆ.

"ಜಗಳ ಆಡೋಕೆ ಟೈಮೇ ಸಿಗಲ್ಲ ನೋಡು, ಅದಕ್ಕೇ ಇಷ್ಟು ವರ್ಷ ಬಾಳಿಕೆ ಬಂದಿದೆ," ಎಂದಿದ್ದಳು. ಭಾವ ಮೇಲಿನಿಂದಲೇ, "ಬಾಳಿಕೆ ಬಂದಿರೋದು ನಾನು, ಸಂಸಾರ ಅಲ್ಲ," ಎಂದು ಕೂಗಿದ್ದ.

ಈ ಜನರಲ್ಲಿ ಒಂದು ಕಟ್ಟಳೆಯಿದೆ. ಪಾಳಿ ಮುಗಿದ ಕೂಡಲೇ ಮಲಗಿದವರನ್ನು ಎಬ್ಬಿಸಬೇಕು. ಜ್ವರ ಬಂದಿರಲಿ, ಮುನಿಸಿರಲಿ, ಎಷ್ಟೇ ಗಾಢ ನಿದ್ದೆಯಿರಲಿ, ಎಬ್ಬಿಸಲೇಬೇಕು. ಪಾಪ, ಇನ್ನೊಂದು ಗಳಿಗೆ ಮಲಗಲಿ ಎಂದು ಬಿಟ್ಟರೆ ಅದು ಕರುಣೆಯಲ್ಲ, ಮೋಸ. ಎಬ್ಬಿಸುತ್ತಾರೆ ಎಂಬ ಭರವಸೆಯ ಮೇಲೆಯೇ ಕೆಳಗಿನವರು ಕಣ್ಣು ಮುಚ್ಚುವುದು.

ಆ ಕಟ್ಟಳೆಯನ್ನು ಭಾವ ಒಂದೇ ಸಲ ಮುರಿದ. ಎರಡು ವರ್ಷದ ಹಿಂದೆ, ವರ್ಷಕ್ಕೊಮ್ಮೆ ದೋಣಿಗಳೆಲ್ಲ ಹೊರಡುವ ದಕ್ಷಿಣದ ದೊಡ್ಡ ಪಯಣಕ್ಕೆ ಮುಂಚೆ ದೋಣಿಯನ್ನು ಪರೀಕ್ಷಿಸಲೆಂದು ಹತ್ತಿರದ ದ್ವೀಪಕ್ಕೆ ಹೋಗಿ ಇಬ್ಬರೂ ಮರಳುತ್ತಿದ್ದರು. ಅಕ್ಕನಿಗೆ ತಾನಾಗಿ ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು. ಕತ್ತಲಿರುವಾಗಲೇ ಅವಳ ಪಾಳಿ ಶುರುವಾಗಬೇಕಿತ್ತು. ಮೇಲೆ ಹೋಗಿ ನೋಡಿದರೆ ಭಾವ ಚುಕ್ಕಾಣಿಯ ಪಕ್ಕ ಕೂತಲ್ಲೇ ಒರಗಿದ್ದ, ಮೈ ತಣ್ಣಗಾಗಿತ್ತು. ಎದೆ ಹಿಡಿದುಕೊಂಡಿರಬೇಕು. ನಾನು ಹೊಲಿದುಕೊಟ್ಟ ಹಾಯಿಯೊಂದರಲ್ಲಿ ಅವನನ್ನು ಸುತ್ತಿ, ಪಕ್ಕದಲ್ಲಿ ಮಲಗಿಸಿಕೊಂಡು, ಒಬ್ಬಳೇ ದೋಣಿ ನಡೆಸಿಕೊಂಡು ಬಂದಳು. ಧಕ್ಕೆಯಲ್ಲಿ ಹಗ್ಗ ಹಿಡಿದವಳು ನಾನು. ಅವಳು ಹೇಳಿದ ಮೊದಲ ಮಾತು, "ನನ್ನ ಎಬ್ಬಿಸ್ಲೇ ಇಲ್ಲ ಕಣೆ."

ಅಂದಿನಿಂದ ಅವಳಿಗೆ ನಿದ್ದೆ ಹೋಯಿತು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ಇವಳಿಗೆ ಸಂತೆಯಲ್ಲಿ ಮಾತ್ರ ನಿದ್ದೆ. ಧಕ್ಕೆಯಲ್ಲಿ ಮೀನಿನವರು ಕೂಗಾಡುತ್ತಿರಬೇಕು, ಮಂಜುಗಡ್ಡೆ ಒಡೆಯುವ ಸದ್ದು ಬರುತ್ತಿರಬೇಕು, ಯಾರೋ ಎಚ್ಚರವಾಗಿದ್ದಾರೆ ಎಂದು ಕಿವಿಗೆ ಖಾತ್ರಿಯಾಗುತ್ತಿರಬೇಕು. ಆಗ ಒಂದಿಷ್ಟು ಕಣ್ಣು ಮುಚ್ಚುತ್ತಿತ್ತು. ಅದೂ ತೂಕಡಿಕೆ, ನಿದ್ದೆಯಲ್ಲ. ಮಗಳು ಕರೆದುಕೊಂಡು ಹೋಗಿ ತನ್ನ ಫ್ಲ್ಯಾಟಿನಲ್ಲಿ ಇಟ್ಟುಕೊಂಡಳು. ಅಲ್ಲಿ ಎಲ್ಲರೂ ಹತ್ತು ಗಂಟೆಗೆ ದೀಪ ಆರಿಸಿ ಬಾಗಿಲು ಹಾಕಿಕೊಂಡು ಮಲಗುತ್ತಾರೆ, ಇಡೀ ಕಟ್ಟಡದಲ್ಲಿ ಎದ್ದಿರುವವಳು ಇವಳೊಬ್ಬಳು. ವಾರಕ್ಕೇ ವಾಪಸು ಬಂದಳು. ಡಾಕ್ಟರು ಕೊಟ್ಟ ಮಾತ್ರೆಯನ್ನು ಮುಟ್ಟಲಿಲ್ಲ. "ಮಾತ್ರೆ ನುಂಗಿದ್ರೆ ನಾನು ಮಲಗ್ತೀನಿ, ಸರಿ. ಮೇಲೆ ಯಾರು ಕೂತಿರ್ತಾರೆ?" ಎಂದು ನನ್ನನ್ನೇ ಕೇಳಿದಳು. ಕಟ್ಟಿಹಾಕಿದ ದೋಣಿಗೆ ಮೇಲೆ ಯಾರು ಕೂತರೇನು, ಕೂರದಿದ್ದರೇನು? ಹಾಗೆಂದು ಮನಸ್ಸಿನಲ್ಲೇ ಅಂದುಕೊಂಡೆ.

ಈ ವರ್ಷ ಇದ್ದಕ್ಕಿದ್ದಂತೆ ದಕ್ಷಿಣಕ್ಕೆ ಹೋಗುತ್ತೇನೆ ಎಂದಳು. ಬಿರುಗಾಳಿಯ ಕಾಲ ಮುಗಿದು, ಚಳಿ ಬಲಿಯುವ ಮುಂಚೆ ನಮ್ಮ ಬಂದರಿನಿಂದ ದೋಣಿಗಳು ದಕ್ಷಿಣಕ್ಕೆ ಹೊರಡುತ್ತವೆ. ಆ ಕೆಲವು ವಾರ ತಪ್ಪಿದರೆ ಮುಂದಿನ ವರ್ಷವೇ. ನಾನು ರೇಗಿದೆ.

"ಈ ವಯಸ್ಸಲ್ಲಿ ದಕ್ಷಿಣದಲ್ಲಿ ಏನು ಗಂಟು ಇಟ್ಟಿದೀಯ?"

"ನಂಗೆ ದಕ್ಷಿಣ ಬೇಡ ಕಣೆ. ನಿದ್ದೆ ಬೇಕು," ಎಂದಳು. "ಸಮುದ್ರದಲ್ಲಾದ್ರೆ ಇನ್ನೊಬ್ರು ಎದ್ದಿರಲೇಬೇಕಲ್ಲ. ನಾನು ಕೆಳಗೆ ಮಲಗಬಹುದು. ಮೂರೇ ಗಂಟೆ, ಸಾಕು ನಂಗೆ."

ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಹಸಿದವರು ಅನ್ನದ ಹೆಸರು ಹೇಳುವ ಹಾಗಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿಯಿತು. ಸರಿ ಮಾರಾಯ್ತಿ, ಹೊಸ ಹಾಯಿ ಹೊಲಿದುಕೊಡುತ್ತೇನೆ ಎಂದೆ.

ಜೊತೆಗೊಬ್ಬರು ಬೇಕಲ್ಲ. ಬಂದರಿನ ಚಾ ಅಂಗಡಿಯ ಗೋಡೆಗೆ ಚೀಟಿ ಅಂಟಿಸಿದಳು. ಜನ ಬಂದರು. ಬಂದವರನ್ನೆಲ್ಲ ಒಂದು ಸಂಜೆ ಕರೆದುಕೊಂಡು ಹೋಗಿ ಮರುದಿನ ವಾಪಸು ತಂದು, "ಆಗಲ್ಲ," ಎನ್ನುತ್ತಿದ್ದಳು. ಪಾಪ, ಅವರೆಲ್ಲ ತಮಗೆ ಹಾಯಿ ಕಟ್ಟಲು ಬರಲಿಲ್ಲ, ಚುಕ್ಕಾಣಿ ಹಿಡಿಯಲು ಬರಲಿಲ್ಲ ಎಂದುಕೊಂಡು ಮುಖ ಸಪ್ಪಗೆ ಮಾಡಿಕೊಂಡು ಹೋಗುತ್ತಿದ್ದರು. ಅವಳು ನೋಡುತ್ತಿದ್ದುದು ಅದನ್ನಲ್ಲ. ಅವರು ಮೇಲಿದ್ದಾಗ ಕೆಳಗೆ ತನಗೆ ನಿದ್ದೆ ಬರುತ್ತದೆಯೋ ಇಲ್ಲವೋ, ಇಷ್ಟೇ ಅವಳ ಪರೀಕ್ಷೆ. ಗೊತ್ತಿದ್ದವಳು ನಾನೊಬ್ಬಳು. ಒಬ್ಬ ನಿವೃತ್ತ ಮೇಷ್ಟ್ರು ಕಾಲು ಗಂಟೆಗೊಮ್ಮೆ ಬಗ್ಗಿ, "ಎಲ್ಲಾ ಸರಿಯಿದೆ, ನೀವು ಮಲಗಿ," ಎಂದು ಕೂಗುತ್ತಿದ್ದರಂತೆ. ಹಲ್ಲಿನ ಡಾಕ್ಟರೊಬ್ಬರು ಕೂತಲ್ಲೇ ಗೊರಕೆ ಹೊಡೆದರಂತೆ. "ನಂಗೆ ಬರದ ನಿದ್ದೆ ಅವರಿಗಾದ್ರೂ ಬಂತಲ್ಲ," ಎಂದು ಅಕ್ಕ ನಗುತ್ತಲೇ ಹೇಳಿದಳು. ಕಣ್ಣ ಕೆಳಗೆ ಕಪ್ಪು ಇನ್ನಷ್ಟು ಇಳಿದಿತ್ತು.

ಜೊತೆ ಸಿಗದಿದ್ದರೂ ತಯಾರಿ ನಿಲ್ಲಿಸಲಿಲ್ಲ. ನಾನು ಸಂಜೆ ಅಂಗಡಿ ಮುಚ್ಚಿ ಕೈಜೋಡಿಸಲು ಹೋಗುತ್ತಿದ್ದೆ. ರಟ್ಟಿನ ಪೆಟ್ಟಿಗೆಗಳನ್ನು ದೋಣಿಗೆ ಹತ್ತಿಸುವಂತಿಲ್ಲ, ಅದರ ಸಂದಿಯಲ್ಲಿ ಜಿರಲೆ ಮೊಟ್ಟೆಯಿಟ್ಟಿರುತ್ತದೆ. ಎಲ್ಲವನ್ನೂ ಧಕ್ಕೆಯಲ್ಲೇ ಬಿಚ್ಚಬೇಕು. ತಗಡಿನ ಡಬ್ಬಗಳ ಕಾಗದ ಕಿತ್ತು, ಒಳಗೇನಿದೆ ಎಂದು ಬಣ್ಣದಲ್ಲಿ ಬರೆಯಬೇಕು, ಇಲ್ಲದಿದ್ದರೆ ಕಾಗದ ನೆನೆದು ಕಳಚಿ ನೀರೆತ್ತುವ ಪಂಪಿಗೆ ಸಿಕ್ಕಿಕೊಳ್ಳುತ್ತದೆ. ನಾನು ಅರ್ಧ ಡಬ್ಬಗಳಿಗೆ ಬರೆಯುವುದನ್ನೇ ಮರೆತೆ. "ಒಳ್ಳೇದಾಯ್ತು ಬಿಡು, ದಿನಾ ಊಟಕ್ಕೆ ಲಾಟರಿ," ಎಂದಳು. ಮೊಟ್ಟೆಗಳಿಗೆ ಒಂದೊಂದಾಗಿ ವ್ಯಾಸಲೀನ್ ಸವರಿ ಇಟ್ಟೆವು, ಹಾಗೆ ಮಾಡಿದರೆ ವಾರಗಟ್ಟಲೆ ಕೆಡುವುದಿಲ್ಲ. ಈರುಳ್ಳಿ ಬಲೆಚೀಲದಲ್ಲಿ ತೂಗುಬಿದ್ದಿತು. ಅಕ್ಕಿ, ನೀರಿನ ಕ್ಯಾನು, ಎಂಜಿನ್ನಿನ ಬೆಲ್ಟು, ಒಂದೊಂದು ಹತ್ತಿದಂತೆ ದೋಣಿ ಬೆರಳಗಲದಷ್ಟು ನೀರಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಕಟ್ಟಿದ್ದ ದೋಣಿಗಳು ಒಂದೊಂದಾಗಿ ದಕ್ಷಿಣಕ್ಕೆ ಹೊರಡತೊಡಗಿದವು.

ಆಗ ಬಂದವನು ಬೇಕರಿಯವನು. ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿದ್ದ. ಭಾನುವಾರಗಳಂದು ಅವರಿವರ ದೋಣಿಯಲ್ಲಿ ಹೋಗಿ ಕೆಲಸ ಕಲಿತಿದ್ದ. ದಪ್ಪ ಆಸಾಮಿ, ಆದರೆ ನಡೆದರೆ ಹಲಗೆ ಕಿರ್ ಎನ್ನುತ್ತಿರಲಿಲ್ಲ. ಹುಟ್ಟಿದಾಗಿನಿಂದ ಊರು ಮಲಗಿರುವಾಗ ಎದ್ದು ಹಿಟ್ಟು ನಾದಿದವನು, ರಾತ್ರಿ ಎಚ್ಚರವಿರುವುದು ಅವನಿಗೆ ನೀರು ಕುಡಿದ ಹಾಗೆ. ಮಾತೂ ಕಮ್ಮಿ. ನನಗೆ ಒಳಗೊಳಗೇ ಆಸೆ ಚಿಗುರಿತು.

ಹೊಸ ಹಾಯಿ ಗಾಳಿಯಲ್ಲಿ ಹೇಗೆ ಕೂರುತ್ತದೆ ಎಂದು ಹೊಲಿದವಳು ನೋಡಲೇಬೇಕು. ಹಾಗಾಗಿ ಆ ಸಲ ನಾನೂ ಹೊರಟೆ, ದೇವರ ಮೇಲೆ ಭಾರ ಹಾಕಿ, ಒಂದು ಬಕೀಟು ಹಿಡಿದುಕೊಂಡು. ಹಾಯಿ ಸುಕ್ಕಿಲ್ಲದೆ ತುಂಬಿಕೊಂಡಿತು. ಅದನ್ನು ಕಣ್ಣಾರೆ ಕಂಡೆ, ಆಮೇಲೆ ಕಂಡದ್ದು ಬಕೀಟನ್ನು ಮಾತ್ರ. ಉರುಳದಂತೆ ನನ್ನನ್ನು ಮೇಲೆದ್ದ ಕಡೆಯ ಮಂಚಕ್ಕೆ ಬಟ್ಟೆ ಬಿಗಿದು ಕಟ್ಟಿದರು. ಮುಸ್ಸಂಜೆಗೆ ಅಕ್ಕ ಎದುರಿನ ಮಂಚಕ್ಕೆ ಬಂದಳು. "ಸರಿಯಾಗಿ ಮೂರು ಗಂಟೆ ಕಳೆದ ಕೂಡ್ಲೇ ಎಬ್ಬಿಸಿ," ಎಂದು ಬೇಕರಿಯವನಿಗೆ ಹೇಳಿದಳು. ಅವನು ಹೂಂ ಎಂದ. ಅವಳು ಗೋಡೆಗೆ ಮುಖ ಮಾಡಿ ಮಲಗಿದಳು. ನನ್ನ ಹೊಟ್ಟೆಯ ಗಲಾಟೆಯ ನಡುವೆಯೂ ಅವಳ ಉಸಿರು ನಿಧಾನವಾಗುವುದು ಕೇಳಿಸಿತು. ಮಲಗಿದ್ದಳು! ಎರಡು ವರ್ಷದ ಮೇಲೆ ಅಕ್ಕ ಮಲಗಿದ್ದಳು. ವಾಂತಿ ಮಾಡಿಕೊಳ್ಳುತ್ತಲೇ ನಾನು ಸಂತೋಷಪಟ್ಟೆ.

ನಾನು ಕಣ್ಣು ಬಿಟ್ಟಾಗ ದುಂಡು ಕಿಟಕಿಯಿಂದ ಬಿಸಿಲು ಬಂದು ಅಕ್ಕನ ಮುಖದ ಮೇಲೆ ಬಿದ್ದಿತ್ತು.

ಅವಳಿಗೂ ಆಗಲೇ ಎಚ್ಚರವಾಯಿತು. ಬಿಸಿಲನ್ನು ನೋಡಿದಳು. ನೋಡನೋಡುತ್ತ ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು. ಧಡಕ್ಕನೆ ಎದ್ದು ಮೆಟ್ಟಿಲವರೆಗೆ ಹೋದಳು, ಅಲ್ಲೇ ನಿಂತಳು. ಎರಡೂ ಕೈಯಲ್ಲಿ ಮೆಟ್ಟಿಲನ್ನು ಹಿಡಿದುಕೊಂಡು ತೀರಾ ಸಣ್ಣ ದನಿಯಲ್ಲಿ, "ಯಾರಾದ್ರೂ ಇದೀರಾ?" ಎಂದಳು.

"ಎದ್ರಾ ಅಕ್ಕಾ?" ಎಂದು ಮೇಲಿನಿಂದ ಬೇಕರಿಯವನ ದನಿ ಬಂತು. ಖುಷಿಯ ದನಿ. "ಎಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ರಿ, ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ. ಚಾ ಇಡ್ಲಾ?"

ಅವಳು ಮೇಲೆ ಹಾರಿದಂತೆ ಹೋದಳು. ನಾನು ಕಟ್ಟು ಬಿಡಿಸಿಕೊಂಡು ತೆವಳಿ ಹೋಗುವಷ್ಟರಲ್ಲಿ ಅವಳು ಆ ದಪ್ಪ ಮನುಷ್ಯನ ಎದೆಗೆ ಎರಡೂ ಮುಷ್ಟಿಯಲ್ಲಿ ಗುದ್ದುತ್ತಿದ್ದಳು.

"ನಿದ್ದೆ ಯಾವನಿಗೆ ಬೇಕಿತ್ತೋ! ಒಂದು ಕೂಗು ಕೂಗೋಕೆ ಏನಾಗಿತ್ತು ನಿಂಗೆ? ಐದು ಮೆಟ್ಟಿಲು ಕೆಳಗೆ ಮಲಗಿದ್ದೆನಲ್ಲೋ, ಐದೇ ಮೆಟ್ಟಿಲು! ಎದೆ ನೋಯ್ತಿದೆ, ಏಳೇ ಅಂದಿದ್ರೆ ಬಂದು ಕೈ ಹಿಡ್ಕೊಂಡಾದ್ರೂ ಕೂತಿರ್ತಿದ್ದೆ. ನನ್ನ ನಿದ್ದೆ ಕೆಡುತ್ತೆ ಅಂತ ಒಬ್ಬನೇ ಹೋದೆಯಾ? ಒಬ್ಬನೇ ಹೋಗಬೇಕಿತ್ತಾ ನೀನು?"

ಬೇಕರಿಯವನು ಚುಕ್ಕಾಣಿ ಬಿಡದೆ ಗುದ್ದು ತಿಂದ. ಭಾವನ ಕತೆ ಧಕ್ಕೆಯಲ್ಲಿ ಅವನ ಕಿವಿಗೂ ಬಿದ್ದಿತ್ತು, ಈ ಏಟು ಯಾರಿಗೆ ಸೇರಬೇಕಾದದ್ದು ಎಂದು ಅರ್ಥವಾಗಿರಬೇಕು. ಅವಳ ಕೈ ಸೋತಮೇಲೆ ಮೆಲ್ಲಗೆ ಹೇಳಿದ. "ತಪ್ಪಾಯ್ತು ಅಕ್ಕಾ. ನಡುರಾತ್ರಿ ಎದ್ದು ಅಂಗಡಿಗೆ ಹೋಗೋನು ನಾನು. ಹೆಂಡತಿ ಮಕ್ಕಳಿಗೆ ಎಚ್ಚರ ಆಗಬಾರ್ದು ಅಂತ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋಗ್ತಿದ್ದೆ. ಮಲಗಿದೋರನ್ನ ಎಬ್ಬಿಸಿ ಅಭ್ಯಾಸನೇ ಇಲ್ಲ ನಂಗೆ." ಅಕ್ಕ ಕುಸಿದು ಕೂತು ಅತ್ತಳು. ನಾನೂ ಅತ್ತೆ. ಗಂಡಸು ಮುಖ ಆ ಕಡೆ ತಿರುಗಿಸಿಕೊಂಡು ದೋಣಿಯನ್ನು ಬಂದರಿನತ್ತ ಹೊರಳಿಸಿದ.

ಧಕ್ಕೆಯಲ್ಲಿ ಅವನು ಚೀಲ ಹೆಗಲಿಗೇರಿಸಿ ಹೋಗದೆ ನಿಂತುಕೊಂಡ. "ಇನ್ನು ಮೇಲೆ ಎಬ್ಬಿಸ್ತೀನಿ. ನಿಮ್ಮಾಣೆ, ಒಂದು ನಿಮಿಷ ತಪ್ಪಲ್ಲ."

"ಎಬ್ಬಿಸ್ತೀರಿ, ನಂಬ್ತೀನಿ," ಎಂದಳು ಅಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ನೀವು ಮೇಲಿದ್ರೆ ನಂಗಿನ್ನು ನಿದ್ದೆ ಬರಲ್ಲವಲ್ಲ."

ಅವನು ಹೋದಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. ಮೊದಲು ಅವನನ್ನು: ಹಿಟ್ಟು ನಾದಿ ನಾದಿ ಬುದ್ಧಿಯೂ ಹಿಟ್ಟಾಗಿದೆ ಅವನಿಗೆ, ಹೇಳಿದ ಒಂದು ಕೆಲಸ ಮಾಡಲಾಗಲಿಲ್ಲವಾ ಎಂದು. ಆಮೇಲೆ ಇವಳನ್ನು: ಸಿಕ್ಕಿದ್ದು ಅವನೊಬ್ಬ, ಅವನನ್ನೂ ಕಳಿಸಿದೆಯಲ್ಲ, ಇನ್ನು ಯಾರು ಬರುತ್ತಾರೆ ಎಂದು. ಅವಳು ಹಾಯಿಯನ್ನು ಮಡಿಸುತ್ತಿದ್ದಳು, ನಾನು ಹೇಳಿಕೊಟ್ಟ ಹಾಗೆಯೇ, ಒಂದು ಮಡಿಕೆ ತಪ್ಪದೆ.

ಬೇಕರಿಯವನಿಗೆ ಬೇರೆ ದೋಣಿಯಲ್ಲಿ ಜಾಗ ಸಿಕ್ಕಿತು. ಆ ವಾರ ಕೊನೆಯ ದೋಣಿಗಳೂ ಹೊರಟವು. ಅಕ್ಕ ತನ್ನ ಸಾಮಾನುಗಳನ್ನೆಲ್ಲ ಹೊತ್ತು ತಂದು ಹೋಗುವವರಿಗೆ ಹಂಚಿಬಿಟ್ಟಳು, ಹೆಸರಿಲ್ಲದ ಡಬ್ಬಗಳನ್ನೂ ಸೇರಿಸಿ. ಮೊಟ್ಟೆಗಳು ಬೇಕರಿಯವನಿಗೆ ಹೋದವು. ಅವನು ಕೈ ಬೀಸಿದ, ಇವಳೂ ಬೀಸಿದಳು. ಆಮೇಲೆ ಆ ಉದ್ದನೆಯ ಕಟ್ಟೆಯಲ್ಲಿ ಉಳಿದದ್ದು ಅವಳ ದೋಣಿಯೊಂದೇ. ಭಾರವಿಳಿದು ಅದು ನೀರಿನಿಂದ ಮೇಲೆದ್ದು ನಿಂತಿತ್ತು. ಚಳಿ ಬಿದ್ದು ಮೀನಿನ ಕಾಲವೂ ಮುಗಿದಿತ್ತು, ಧಕ್ಕೆಯಲ್ಲಿ ನರಪಿಳ್ಳೆಯಿಲ್ಲ, ಮಂಜುಗಡ್ಡೆ ಕಾರ್ಖಾನೆಗೆ ಬೀಗ. ಹಗಲಿನ ತೂಕಡಿಕೆಗೂ ಈಗ ಸದ್ದಿರಲಿಲ್ಲ.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಿಗೆ ಬಂದು ನಿಂತಳು. ಗೋಡೆ ಹಿಡಿದುಕೊಂಡಿದ್ದಳು. ಗುಂಡಿಯೊಳಗಿಂದ ತಲೆಯೆತ್ತಿ ನೋಡಿದರೆ ಗುರುತೇ ಸಿಗದಷ್ಟು ಇಳಿದುಹೋಗಿದ್ದಳು.

"ನಿನ್ನ ಹೊಲಿಗೆ ತಗೊಂಡು ಬಂದು ಮೇಲೆ ಕೂತ್ಕೋತೀಯಾ?" ಎಂದು ಕೇಳಿದಳು. "ಒಂದೇ ಗಂಟೆ. ಆಮೇಲೆ ಎಬ್ಬಿಸು."

ನನಗೆ ಕಟ್ಟಿಹಾಕಿದ ದೋಣಿಯಾದರೆ ತೊಂದರೆಯಿಲ್ಲವಲ್ಲ. ದಬ್ಬಣ, ಮೇಣದ ದಾರ, ಹರಿದ ಹಾಯಿಯೊಂದರ ಮೂಲೆ, ಎಲ್ಲ ಹೊತ್ತುಕೊಂಡು ಹೋಗಿ ಚುಕ್ಕಾಣಿಯ ಪಕ್ಕ ಕೂತೆ. ಬೇಕೆಂದೇ ಕೆಮ್ಮಿದೆ, ದಾರವನ್ನು ಜೋರಾಗಿ ಎಳೆದೆ, ನಾನಿರುವುದು ಅವಳಿಗೆ ಕೇಳಲಿ ಎಂದು. ಗಡಿಯಾರವನ್ನು ಎದುರಿಗೇ ಇಟ್ಟುಕೊಂಡಿದ್ದೆ.

ಗಂಟೆ ಮುಗಿದಾಗ ಕೆಳಗಿಳಿದೆ. ಅಕ್ಕ ಕೆನ್ನೆಯಡಿ ಕೈಯಿಟ್ಟು ಮಲಗಿದ್ದಳು. ಬಾಯಿ ತುಸು ತೆರೆದು ದಿಂಬು ಒದ್ದೆಯಾಗಿತ್ತು. ಹಣೆಯ ಗೆರೆಗಳೆಲ್ಲ ಸಡಿಲಾಗಿ ಹತ್ತು ವರ್ಷ ಚಿಕ್ಕವಳಾಗಿ ಕಂಡಳು. ಎಷ್ಟು ದಿನದ ನಿದ್ದೆಯೋ ಏನೋ ಪಾಪ. ಇನ್ನೊಂದು ಅರ್ಧ ಗಂಟೆ ಬಿಟ್ಟರೆ ಯಾರಿಗೇನು ನಷ್ಟ? ಹಡಗು ಬಂದು ಗುದ್ದುತ್ತದೆಯೇ, ಗಾಳಿ ತಿರುಗುತ್ತದೆಯೇ? ಚಾಚಿದ ಕೈ ಚಾಚಿದಲ್ಲೇ ನಿಂತಿತು. ಬೇಕರಿಯವನನ್ನು ಬೈದಿದ್ದನ್ನೆಲ್ಲ ಅಲ್ಲೇ ನಿಂತು ಒಂದೊಂದಾಗಿ ವಾಪಸು ನುಂಗಿದೆ.

ಮನಸ್ಸು ಗಟ್ಟಿ ಮಾಡಿಕೊಂಡು ಭುಜ ಹಿಡಿದು ಅಲುಗಿಸಿದೆ. "ಅಕ್ಕಾ, ಏಳು. ಗಂಟೆಯಾಯ್ತು."

ಅವಳು ಕಣ್ಣು ಬಿಡಲಿಲ್ಲ. ಕೈ ಮಾತ್ರ ಬಂದು ನನ್ನ ಮಣಿಕಟ್ಟನ್ನು ತಡಕಿ ಹಿಡಿದುಕೊಂಡಿತು.

"ಇದೀಯಾ?" ಎಂದಳು.

"ಇದೀನಿ ಕಣಕ್ಕ," ಎಂದೆ.